ಫ್ರಂಟಾ, ಟಾಪಾ? ಕಿನ್ನಿಯಕ್ಕನನ್ನು ಕೇಳಿ

ಬೆಳಗ್ಗೆ ಐದೂಮುಕ್ಕಾಲು. ಪೆರ್ಲ ಪೇಟೆಯಿಂದ ಎರಡು ಕಿಲೋಮೀಟರ್ ಒಳಗಿರುವ ವಾಚನಾಲಯದ ಹಿಂಬದಿಯ ಹಂಚಿನ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿನುಗಿ ಹೊತ್ತಿಕೊಳ್ಳುತ್ತದೆ. ಕಿನ್ನಿ ಸೀರೆಯ ನೆರಿಗೆ ಮೇಲಕ್ಕೆತ್ತಿ ಸಿಕ್ಕಿಸಿ, ಮೊಣಕೈವರೆಗೆ ರಬ್ಬರ್ ಗ್ಲೌಸು ಏರಿಸಿ, ಗೋಡೆಗೊರಗಿಸಿಟ್ಟ ಚೀಲಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಇವತ್ತು ಹನ್ನೊಂದು ಚೀಲ. ಬೆಡ್‌ಶೀಟಿನ ಮೂಲೆಯಲ್ಲಿ ಹೊಲಿದ ದಾರದ ಬಣ್ಣ ನೋಡಿದರೆ ಸಾಕು, ಅದು ಯಾವ ಮನೆಯದೆಂದು ಅವರಿಗೆ ಗೊತ್ತು. ಕೆಂಪು ದಾರ ಶಂಕರಿಯಮ್ಮನದು. ಹಸಿರು ದಾರ, ಹುಟ್ಟಿದಂದಿನಿಂದ ಮಲಗಿದಲ್ಲೇ ಇರುವ ಇಪ್ಪತ್ನಾಲ್ಕರ ಹುಡುಗ ವಿಜೇತ್‌ನದು.

ಕೊಳೆಯನ್ನು ಮೊದಲು ನೀರು ಬಿಟ್ಟು ಕೈಯಲ್ಲೇ ತೆಗೆಯಬೇಕು. ಅದಕ್ಕೆ ಯಾವ ಮಿಷನ್ನೂ ಇಲ್ಲ. ಆಮೇಲೆ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ಹಿಂಡಿ, ಎಂಟೆಂಟು ಶೀಟುಗಳನ್ನು ಮಿಷನ್ನಿನ ದುಂಡು ಬಾಗಿಲೊಳಗೆ ತುಂಬಿಸುತ್ತಾರೆ. ಗುಂಡಿಯನ್ನು ಅರುವತ್ತು ಡಿಗ್ರಿಗೆ ತಿರುಗಿಸಿ ಕಿವಿಗೊಟ್ಟು ನಿಲ್ಲುತ್ತಾರೆ. ಒಳಗೆ ನೀರು ಬೀಳುವ ಸದ್ದು ಕೇಳಿಸಿದ ಮೇಲೆಯೇ ಫ್ಲಾಸ್ಕಿನ ಚಾ.

“ನೀರು ಬಿತ್ತು ಅಂತ ಗ್ಯಾರಂಟಿ ಆಗದೆ ನನಗೆ ಚಾ ಇಳಿಯುದಿಲ್ಲ ಮಾರಾಯ್ರೆ,” ಎಂದು ನಗುತ್ತಾರೆ.

ಎಣ್ಮಕಜೆ ಪಂಚಾಯತಿನ ಈ ಮೂಲೆಯಲ್ಲಿ ಹಾಸಿಗೆ ಹಿಡಿದವರಿರುವ ಇಪ್ಪತ್ತಮೂರು ಮನೆಗಳ ಬಟ್ಟೆ ಒಗೆಯುವುದು ಐವತ್ತಮೂರು ವರ್ಷದ ಕಿನ್ನಿಯ ಕೆಲಸ. ಊರವರೇ ಸೇರಿ ನಡೆಸುವ ರೋಗಿಗಳ ಆರೈಕೆಯ ಒಂದು ಸಣ್ಣ ಪಾಲಿಯೇಟಿವ್ ಘಟಕ ಅವರನ್ನು ಇದಕ್ಕೆ ನೇಮಿಸಿಕೊಂಡಿದೆ. ಪ್ರತಿ ಮನೆಯ ಚೀಲ ದಿನ ಬಿಟ್ಟು ದಿನ ಆಟೋದಲ್ಲಿ ಬರುತ್ತದೆ, ಒಗೆದದ್ದು ಅದೇ ಆಟೋದಲ್ಲಿ ಹೋಗುತ್ತದೆ. ದಿನಕ್ಕೆ ನಾಲ್ಕು ಲೋಡು, ಸುಮಾರು ಮೂವತ್ತು ಶೀಟು. ಸುತ್ತಿ ಬಳಸುವ ತುಂಡುಬಟ್ಟೆ, ದಿಂಬಿನ ಕವರು ಬೇರೆ. ಕೊನೆಯ ಲೋಡು ಇಳಿಸುವಾಗ ಮಧ್ಯಾಹ್ನ ಮೂರು ದಾಟುತ್ತದೆ. ಮನೆಮನೆಗೆ ಹೋಗಿ ಹುಣ್ಣು ತೊಳೆಯುವ, ಟ್ಯೂಬ್ ಬದಲಿಸುವ ನರ್ಸ್ ಶ್ರೀರಂಜಿನಿಯವರು ಎಲ್ಲರಿಗೂ ಗೊತ್ತು. ರೋಗಿಯ ಬೆನ್ನಿನ ಅಡಿಯ ಬಟ್ಟೆಯನ್ನು ಒಗೆಯುವವರು ಯಾರೆಂದು ಯಾರೂ ಕೇಳುವುದಿಲ್ಲ.

ಈ ಕೆಲಸವನ್ನು ಕಿನ್ನಿ ಕಲಿತದ್ದು ಸ್ವಂತ ಮನೆಯಲ್ಲಿ. ಗಂಡ ಸುಕುಮಾರ ಮುರಕಲ್ಲು ಕಡಿಯುವ ಕೋರೆಯಲ್ಲಿ ಕಲ್ಲು ಹೊರುತ್ತಿದ್ದವರು. ಒಂದು ಸಂಜೆ ಅಂಚು ಜರಿದು ಬಿದ್ದವರು ಮತ್ತೆ ನಡೆಯಲಿಲ್ಲ. ನಾಲ್ಕು ವರ್ಷ ಮಲಗಿದಲ್ಲೇ ಇದ್ದರು. ಆ ನಾಲ್ಕು ವರ್ಷವೂ ಅವರ ಬೆನ್ನಿನಲ್ಲಿ ಒಂದು ಹುಣ್ಣೂ ಆಗಲಿಲ್ಲ. ಅವರು ತೀರಿಕೊಂಡ ಮೂರನೆಯ ತಿಂಗಳಲ್ಲಿ ಶ್ರೀರಂಜಿನಿ ಮನೆಗೆ ಬಂದು, “ಕಿನ್ನಿಯಕ್ಕ, ನಿಮ್ಮ ಹಾಗೆ ಬಟ್ಟೆ ಒಗೆಯುವವರು ನಮಗೆ ಬೇಕು,” ಎಂದರು. ಬೀಡಿ ಕಟ್ಟುತ್ತಿದ್ದ ಮೊರವನ್ನು ಕೆಳಗಿಟ್ಟು ಕಿನ್ನಿ ಎದ್ದುನಿಂತರು.

ಆಗ ಮಿಷನ್ ಇರಲಿಲ್ಲ. ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದಿಂದ ಇಳಿದು ಬರುವ ನೀರಿನ ತೊಟ್ಟಿ, ಪಕ್ಕದಲ್ಲೊಂದು ಒಗೆಯುವ ಕಲ್ಲು, ಎರಡು ಕೈ. ಆರು ಮನೆಗಳಿಂದ ಶುರುವಾದದ್ದು ಹದಿನೆಂಟಕ್ಕೆ ಏರಿತು. ಬೇಸಿಗೆಯಲ್ಲಿ ಹೇಗೋ ಆಗುತ್ತಿತ್ತು. ಎರಡು ವರ್ಷದ ಹಿಂದೆ, ಜಡಿಮಳೆಯ ಆಟಿ ತಿಂಗಳಲ್ಲಿ ಎಂಟು ದಿನ ಬಿಸಿಲೇ ಬರಲಿಲ್ಲ. ಕೈಯಲ್ಲಿ ಹಿಂಡಿದ ಶೀಟಿನಿಂದ ನೀರು ಸೋರುತ್ತಲೇ ಇತ್ತು. ಶಂಕರಿಯಮ್ಮನ ಮನೆಯಲ್ಲಿ ಬದಲಿ ಶೀಟೇ ಉಳಿದಿಲ್ಲವೆಂದು ತಿಳಿದು, ಅರ್ಧ ಒಣಗಿದ್ದನ್ನೇ ಮಡಚಿ ಕಳಿಸಿದರು. ಎಂಬತ್ತೆರಡರ ಆ ಮುದುಕಿಯ ಬೆನ್ನಿನಲ್ಲಿದ್ದ ಸಣ್ಣ ಕೆಂಪು ಗುರುತು ವಾರದೊಳಗೆ ಬಿರಿದು ಹುಣ್ಣಾಯಿತು.

“ಸಿಸ್ಟರ್ ಬಂದು ಹೇಳಿದ್ರು. ಬೈಲಿಲ್ಲ. ಒಂದು ಶಬ್ದ ಜೋರು ಮಾತಾಡ್ಲಿಲ್ಲ. ಬೈದಿದ್ರೆ ಚಂದ ಇತ್ತು. ನನ್ನ ಗಂಡನಿಗೆ ಮಾಡದ ಹುಣ್ಣನ್ನು ಆ ಅಜ್ಜಿಗೆ ಮಾಡಿದೆ ಅಂತ ಆಯ್ತು ನಂಗೆ. ಆ ದಿನ ಗಂಜಿ ಮುಟ್ಲಿಕ್ಕೆ ಆಗ್ಲಿಲ್ಲ,” ಎನ್ನುವಾಗ ಅವರ ಕೈ ಮಡಚುತ್ತಿದ್ದ ಬಟ್ಟೆಯ ಮೇಲೆ ನಿಂತುಬಿಡುತ್ತದೆ.

ಮರುದಿನ ಅವರು ನೇರ ಹೋದದ್ದು ಘಟಕದ ಅಧ್ಯಕ್ಷ ಮಹಾಗಣಪತಿ ಮಾಸ್ಟ್ರ ಮನೆಗೆ. ಜಗಲಿಯ ಕೆಳಗೆ ನಿಂತು, “ಮಾಸ್ಟ್ರೇ, ಒಂದೋ ಮಿಷನ್ ಕೊಡಿ, ಇಲ್ಲದಿದ್ರೆ ಬೇರೆ ಜನ ನೋಡಿ. ಒದ್ದೆ ಬಟ್ಟೆ ಕಳಿಸ್ಲಿಕ್ಕೆ ನನ್ನಿಂದ ಇನ್ನು ಆಗುದಿಲ್ಲ,” ಎಂದರು. ಅದುವರೆಗೆ ಯಾರೊಡನೆಯೂ ಅಷ್ಟು ಗಟ್ಟಿಯಾಗಿ ಮಾತಾಡಿದವರಲ್ಲ.

ಗಲ್ಫಿನಲ್ಲಿರುವ ಊರವರ ಕೂಟವೊಂದು ಮಿಷನ್ ಕೊಡಿಸಲು ಒಪ್ಪಿತು. ಆಗ ಹೊಸ ತಗಾದೆ ಎದ್ದಿತು. ಮೇಲಿನಿಂದ ಬಟ್ಟೆ ಹಾಕುವ ಟಾಪ್ ಲೋಡೋ, ಎದುರಿನಿಂದ ಹಾಕುವ ಫ್ರಂಟ್ ಲೋಡೋ? ವಾಚನಾಲಯದಲ್ಲಿ ಒಂದೂವರೆ ಗಂಟೆ ಮೀಟಿಂಗು. ಮಾಸ್ಟ್ರು ಟಾಪಿನ ಕಡೆ: ಬಗ್ಗಬೇಕಾಗಿಲ್ಲ, ಮುಕ್ಕಾಲು ಗಂಟೆಯಲ್ಲಿ ಒಂದು ಲೋಡು ಮುಗಿಯುತ್ತದೆ, ಬೇಕೆಂದಾಗ ಮುಚ್ಚಳ ತೆಗೆಯಬಹುದು. ಶ್ರೀರಂಜಿನಿ ಫ್ರಂಟಿನ ಕಡೆ: ಅದರಲ್ಲಿ ನೀರು ಚೆನ್ನಾಗಿ ಬಿಸಿಯಾಗುತ್ತದೆ, ರೋಗಿಯ ಬಟ್ಟೆಗೆ ಬಿಸಿ ನೀರೇ ಬೇಕು. ಉಳಿದವರು ತಂತಮ್ಮ ಮನೆಯಲ್ಲಿ ಯಾವುದಿದೆಯೋ ಅದರ ಕಡೆ. ಕೊನೆಗೆ ಶ್ರೀರಂಜಿನಿ, “ನಾವು ಯಾರೂ ಒಗೆಯುವವರಲ್ಲ. ಕಿನ್ನಿಯಕ್ಕನನ್ನೇ ಕೇಳುವ,” ಎಂದು ಬಾಗಿಲ ಬಳಿ ನಿಂತಿದ್ದ ಅವರನ್ನು ಒಳಗೆ ಕರೆದು ಕೂರಿಸಿದರು.

ಕಿನ್ನಿಯ ಮನಸ್ಸು ಟಾಪಿನ ಕಡೆಗೇ ಇತ್ತು. ಕರೆಂಟು ಹೋದರೆ ಫ್ರಂಟಿನ ಬಾಗಿಲು ಬೀಗ ಬಿದ್ದು ಬಟ್ಟೆ ಒಳಗೇ ಸಿಕ್ಕಿಕೊಳ್ಳುತ್ತದೆಂದು ಯಾರೋ ಹೇಳಿದ್ದು ತಲೆಯಲ್ಲಿ ಕೂತಿತ್ತು. ಮಳೆಗಾಲ ಮುಗಿಯುವ ತುಲಾ ತಿಂಗಳ ಸಿಡಿಲಿಗೆ ಇಲ್ಲಿ ದಿನಕ್ಕೆ ಮೂರು ಸಲ ಕರೆಂಟು ಹೋಗುತ್ತದೆ. ಆದರೂ, “ಎರಡು ವಾರ ಕೊಡಿ. ನಾನೊಮ್ಮೆ ನೋಡಿ ಹೇಳ್ತೇನೆ,” ಎಂದರು.

ಆ ಎರಡು ವಾರ ಅವರು ಮಾಡಿದ ಕೆಲಸವನ್ನು ಊರವರು ಈಗಲೂ ಹೇಳಿಕೊಂಡು ನಗುತ್ತಾರೆ. ಒಗೆಯುವ ಕೆಲಸ ಮುಗಿದ ಮೇಲೆ, ಮಿಷನ್ ಇರುವ ನಾಲ್ಕು ಮನೆಗಳಿಗೆ ಒಂದೊಂದು ದಿನ ಹೋದರು. ಕೈಯಲ್ಲಿ ಎರಡು ಬಕೆಟು. ಮಿಷನ್ನಿನ ಹಿಂದಿನ ನೀರು ಹೋಗುವ ಪೈಪನ್ನು ಬಕೆಟಿಗೆ ಇಳಿಸಿ, ತುಂಬಿದ ಹಾಗೆ ಬಾಳೆಯ ಬುಡಕ್ಕೆ ಚೆಲ್ಲಿ ಎಣಿಸಿದರು. ಪೆರ್ಲದ ಒಬ್ಬ ಟೀಚರ ಮನೆಯ ಟಾಪ್ ಲೋಡು ಒಂದು ಸಲಕ್ಕೆ ಹನ್ನೊಂದು ಬಕೆಟು ಹೊರಗೆ ಹಾಕಿತು. ಮುಂದಿನ ಓಣಿಯ ಮನೆಯ ಫ್ರಂಟ್ ಲೋಡು ಅಷ್ಟೇ ಬಟ್ಟೆಗೆ ಐದೂವರೆ ಬಕೆಟಿನಲ್ಲಿ ಮುಗಿಸಿತು. ಏಪ್ರಿಲ್ ಬಂತೆಂದರೆ ಸುರಂಗದ ನೀರು ಕಿರುಬೆರಳಿನಷ್ಟಾಗುವುದು ಅವರಿಗೆ ಗೊತ್ತು. ಅಲ್ಲಿಗೆ ಮನಸ್ಸು ಸ್ವಲ್ಪ ವಾಲಿತು.

ಆಮೇಲೆ ಬಸ್ಸು ಹಿಡಿದು ಉಪ್ಪಳದ ಅಂಗಡಿಗೆ ಹೋದರು. ಸೇಲ್ಸಿನ ಪ್ರವೀತ್ ಟಾಪ್ ಲೋಡಿನ ಮುಚ್ಚಳ ತೆಗೆದು, “ಅಕ್ಕಾ, ನಿಮ್ಮ ಪ್ರಾಯಕ್ಕೆ ಇದೇ ಒಳ್ಳೇದು. ಸೊಂಟ ಬಗ್ಗಿಸ್ಲಿಕ್ಕಿಲ್ಲ,” ಎಂದ.

ಕಿನ್ನಿ ಎಂದರೆ ತುಳುವಿನಲ್ಲಿ ಸಣ್ಣವಳು. ಹೆಸರಿಗೆ ತಕ್ಕ ಹಾಗೆ ನಾಲ್ಕಡಿ ಎಂಟಿಂಚಿನ ದೇಹ. ಮಿಷನ್ನಿನ ಒಳಗೆ ಕೈ ಇಳಿಸಿದರು. ಹೆಗಲವರೆಗೆ ಇಳಿಸಿದರೂ ಬೆರಳು ತಳಕ್ಕೆ ಮುಟ್ಟಲಿಲ್ಲ.

“ಅಡಿಯಲ್ಲಿರುವ ಶೀಟನ್ನು ಯಾರು ತೆಗೆಯುದು? ನೀನು ಬರ್ತೀಯಾ ದಿನಾ?”

ಪ್ರವೀತ್ ನಗುತ್ತ ಒಂದು ಸ್ಟೂಲು ತಂದಿಟ್ಟ. ಕಿನ್ನಿ ಹತ್ತಿ ನೋಡಿದರು. ಕೈ ಮುಟ್ಟಿತು, ಆದರೆ ಹೊಟ್ಟೆ ಅಂಚಿಗೆ ಒತ್ತಿ ಕಾಲು ಸ್ಟೂಲು ಬಿಟ್ಟು ಮೇಲೆದ್ದಿತು. “ನೀರು ಬಿದ್ದ ನೆಲದಲ್ಲಿ ಸ್ಟೂಲು ಜಾರಿದ್ರೆ ನನ್ನ ಶೀಟು ಒಗೆಯಲಿಕ್ಕೆ ಇನ್ನೊಬ್ಬರು ಬೇಕಾದೀತು,” ಎಂದು ಇಳಿದರು.

ಫ್ರಂಟ್ ಲೋಡಿನ ಎದುರು ಕುಕ್ಕರುಗಾಲಿನಲ್ಲಿ ಕೂತು ಕೇಳಿದ್ದು ಒಂದೇ ಪ್ರಶ್ನೆ: “ಕರೆಂಟು ಹೋದ್ರೆ ಎಂತ ಮಾಡುದು?” ಬರುವವರೆಗೆ ಕಾಯಬೇಕು ಎಂದ ಪ್ರವೀತ್. “ಎಷ್ಟು ಹೊತ್ತು? ಸಂಜೆವರೆಗಾ? ಅಲ್ಲಿ ಜನ ಬರೀ ರಬ್ಬರ್ ಶೀಟಿನ ಮೇಲೆ ಮಲಗಿರ್ತಾರೆ.” ಆ ಮಾತು ಕೇಳಿ ಅವನ ನಗು ನಿಂತಿತು. ಅಂಗಡಿಯ ಹಿಂದಿನ ರಿಪೇರಿ ಕೋಣೆಗೆ ಕರೆದುಕೊಂಡು ಹೋಗಿ, ನೀರು ತುಂಬಿ ತಿರುಗುತ್ತಿದ್ದ ಮಿಷನ್ನಿನ ಸ್ವಿಚ್ಚನ್ನೇ ಆರಿಸಿ, ಕೆಳಗಿನ ಸಣ್ಣ ಮುಚ್ಚಳ ತೆಗೆದು ನೀರನ್ನು ತಟ್ಟೆಗೆ ಇಳಿಸಿ ತೋರಿಸಿದ. ನೀರು ಖಾಲಿಯಾಗಿ ಬಾಗಿಲಿನ ಬೀಗ ಟಕ್ಕೆಂದು ಬಿಡುವುದಕ್ಕೆ ಗೋಡೆ ಗಡಿಯಾರದಲ್ಲಿ ಹನ್ನೆರಡು ನಿಮಿಷ. ಕಿನ್ನಿ ಅದನ್ನು ಸ್ವತಃ ಎರಡು ಸಲ ಮಾಡಿ ನೋಡಿದರು.

ಮುಂದಿನ ಮೀಟಿಂಗಿನಲ್ಲಿ ಅವರು ಹೇಳಿದ್ದು ಚುಟುಕು. ಫ್ರಂಟೇ ಸಾಕು. ಆದರೆ ನೆಲದ ಮೇಲೆ ಬೇಡ, ಒಂದೂವರೆ ಅಡಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿಸಿ ಅದರ ಮೇಲೆ ಇಡಬೇಕು, ಆಗ ಬಗ್ಗುವ ಕಷ್ಟ ಇಲ್ಲ. ನೀರಿನ ಟ್ಯಾಂಕನ್ನು ವಾಚನಾಲಯದ ಟೆರೇಸಿಗೆ ಏರಿಸಬೇಕು, ತಗ್ಗಿನಲ್ಲಿದ್ದರೆ ನೀರಿಗೆ ಒತ್ತಡ ಸಾಲದು. ಬಕೆಟಿನ ಎಣಿಕೆಯನ್ನೂ ಹನ್ನೆರಡು ನಿಮಿಷದ ಕತೆಯನ್ನೂ ಕೇಳಿದ ಮಾಸ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರಂತೆ. “ಮೂವತ್ತೊಂದು ವರ್ಷ ಪಾಠ ಮಾಡಿದ್ದೇನೆ. ಇಷ್ಟು ಚಂದದ ಹೋಮ್‌ವರ್ಕ್ ಯಾರೂ ಮಾಡಿ ತಂದದ್ದಿಲ್ಲ ಕಿನ್ನೀ,” ಎಂದ ಅವರು ತಮ್ಮ ಟಾಪ್ ಲೋಡಿನ ಪಕ್ಷವನ್ನು ಅಲ್ಲಿಗೇ ಬಿಟ್ಟರು.

ಮಿಷನ್ ಬಂದ ಮೊದಲ ವಾರ ಎಲ್ಲವೂ ಸುಸೂತ್ರವಾಗಿಯೇನೂ ನಡೆಯಲಿಲ್ಲ. ಕಟ್ಟೆ ಒಂದು ಕಡೆ ತುಸು ತಗ್ಗಿತ್ತು. ಬಟ್ಟೆ ಹಿಂಡುವ ಹೊತ್ತಿಗೆ ಮಿಷನ್ ಗಡಗಡ ನಡುಗಿ ಅಂಚಿಗೆ ಬರುತ್ತಿತ್ತು, ಕಿನ್ನಿ ಎರಡೂ ಕೈಯಲ್ಲಿ ಅದನ್ನು ಅಪ್ಪಿ ಹಿಡಿದು ನಿಂತದ್ದೂ ಉಂಟು. ಮೇಸ್ತ್ರಿ ಬಂದು ಮಟ್ಟ ಸರಿಮಾಡಿದ. ಬಾಗಿಲಿನ ರಬ್ಬರು ವಾಸನೆ ಬರತೊಡಗಿದಾಗ, ದಿನದ ಕೊನೆಯ ಲೋಡಿನ ಬಳಿಕ ಅದರ ಮಡಿಕೆಯನ್ನು ಒಣಬಟ್ಟೆಯಲ್ಲಿ ಒರೆಸಿ ಬಾಗಿಲು ತೆರೆದಿಡುವುದನ್ನು ರೂಢಿ ಮಾಡಿಕೊಂಡರು. ಲೋಡೊಂದಕ್ಕೆ ಎರಡು ಗಂಟೆ ಹಿಡಿಯುತ್ತದೆಂಬುದು ಅವರ ಒಂದೇ ದೂರು. ಆ ಹೊತ್ತಿನಲ್ಲಿ ಹರಿದ ಶೀಟು ಹೊಲಿಯುತ್ತಾರೆ. ಮಳೆಗಾಲದಲ್ಲೂ ಈಗ ಮಿಷನ್ ಹಿಂಡಿಕೊಟ್ಟ ಶೀಟು ಫ್ಯಾನಿನ ಅಡಿಯಲ್ಲಿ ಮರುದಿನಕ್ಕೆ ಗರಿಗರಿ.

ಶಂಕರಿಯಮ್ಮನ ಹುಣ್ಣು ಮಾಯಲು ನಾಲ್ಕು ತಿಂಗಳು ಬೇಕಾಯಿತು. ಅದರ ಶ್ರೇಯವನ್ನು ಕಿನ್ನಿ ತಮಗೆ ತೆಗೆದುಕೊಳ್ಳುವುದಿಲ್ಲ. “ಸೊಸೆ ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸ್ತಾಳೆ, ಸಿಸ್ಟರ್ ಮದ್ದು ಹಾಕ್ತಾರೆ. ನಂದು ಬಟ್ಟೆ ಮಾತ್ರ,” ಎನ್ನುತ್ತಾರೆ. ಶಂಕರಿಯಮ್ಮನ ಎಣಿಕೆ ಬೇರೆ. ಕಿನ್ನಿ ಒಮ್ಮೆ ನೋಡಲು ಹೋದಾಗ ಆ ಅಜ್ಜಿ ಅವರ ಒರಟು ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ಬಹಳ ಹೊತ್ತು ಬಿಡಲಿಲ್ಲವಂತೆ.

ಈಗ ಮಿಷನ್ ಕೊಳ್ಳುವ ಮುಂಚೆ ಕಿನ್ನಿಯಕ್ಕನನ್ನು ಕೇಳುವುದು ಸುತ್ತಮುತ್ತ ಒಂದು ವಾಡಿಕೆಯಾಗಿದೆ. ಹೋದ ಡಿಸೆಂಬರಿನಲ್ಲಿ ಬೆಳ್ಳೂರಿನಿಂದ ಐದು ಮಂದಿ ಗಂಡಸರು ಜೀಪಿನಲ್ಲಿ ಬಂದರು. ಅಲ್ಲಿಯೂ ಇಂಥದೇ ಒಗೆಯುವ ಕೋಣೆ ಮಾಡುವ ಆಲೋಚನೆ. “ಫ್ರಂಟೋ ಟಾಪೋ ಅಂತ ಹೇಳಿಬಿಡಿ ಅಕ್ಕ, ಇವತ್ತೇ ಆರ್ಡರ್ ಕೊಡ್ತೇವೆ,” ಎಂದರು.

“ಒಗೆಯುವವರು ಯಾರು?” ಕಿನ್ನಿ ಕೇಳಿದರು.

ಅದು ಇನ್ನೂ ನಿಶ್ಚಯವಾಗಿರಲಿಲ್ಲ.

“ಹಾಗಾದ್ರೆ ಮೊದಲು ಅವರನ್ನು ಹುಡುಕಿ. ಮಿಷನ್ ಎಲ್ಲಿಗೂ ಓಡಿ ಹೋಗುದಿಲ್ಲ.”

ಹದಿನೈದು ದಿನ ಬಿಟ್ಟು ಅವರು ರಶ್ಮಿತಾ ಎಂಬ ಎತ್ತರದ ಹೆಂಗಸನ್ನು ಕರೆತಂದರು. ಆಕೆಗೆ ಮೊಣಗಂಟು ನೋವು, ಕೂತು ಏಳಲಾಗದು. ಊರಲ್ಲಿ ಬತ್ತದ ಬಾವಿ ಉಂಟು, ಬಿಸಿ ನೀರಿಗೆ ದೊಡ್ಡ ಒಲೆ ಉಂಟು. ಎಲ್ಲ ಕೇಳಿ ತಿಳಿದ ಕಿನ್ನಿ ಅವರಿಗೆ ಹೇಳಿದ್ದು ಟಾಪ್ ಲೋಡು. “ನನಗೆ ಆದದ್ದು ಅವಳಿಗೆ ಆಗ್ಬೇಕು ಅಂತ ಎಂತ ಉಂಟು? ಎರಡರಲ್ಲಿ ಯಾವುದೂ ಕೆಟ್ಟದ್ದಲ್ಲ ಮಾರಾಯ್ರೆ,” ಎನ್ನುತ್ತಾರೆ. ಬೆಳ್ಳೂರಿನ ಕೋಣೆ ಈಗ ಒಂಬತ್ತು ಮನೆಗಳ ಬಟ್ಟೆ ಒಗೆಯುತ್ತಿದೆ.

ಕಿನ್ನಿಯ ಕೋಣೆಗೆ ಬರುವ ಚೀಲ ನಿಲ್ಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಅಂಥ ದಿನ ಅವರು ಆ ಮನೆಯ ಕೊನೆಯ ಶೀಟನ್ನು ಒಗೆದು, ಮಡಚಿ, ತಾವೇ ನಡೆದು ಹೋಗಿ ಕೊಟ್ಟು ಬರುತ್ತಾರೆ. ಆದರೆ ಕಳೆದ ಸೋಮವಾರ ಹಾಗಾಗಲಿಲ್ಲ. ಕೋಣೆಯ ಎದುರು ಆಟೋ ನಿಂತು, ಅದರಿಂದ ಊರುಗೋಲು ಹಿಡಿದ ಅರುವತ್ತೊಂದರ ವೆಂಕಟಕೃಷ್ಣ ಮೆಲ್ಲನೆ ಇಳಿದರು. ಜೀಪು ಓಡಿಸುತ್ತಿದ್ದವರು, ಅಂಗಳದಲ್ಲಿ ಜಾರಿ ಸೊಂಟದ ಎಲುಬು ಮುರಿದು ಐದು ತಿಂಗಳು ಮಲಗಿದ್ದರು. ಹೊಸ್ತಿಲವರೆಗೆ ಎಂಟು ಹೆಜ್ಜೆ ನಡೆದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು.

“ಕಿನ್ನಿಯಕ್ಕಾ, ನಾಳೆಯಿಂದ ನನ್ನ ಚೀಲ ಬರ್ಲಿಕ್ಕಿಲ್ಲ. ಹೇಳಿ ಹೋಗುವ ಅಂತ ಬಂದೆ.”

ಕಿನ್ನಿ ಅವರನ್ನು ಬೆಂಚಿನ ಮೇಲೆ ಕೂರಿಸಿ, ತಮ್ಮ ಫ್ಲಾಸ್ಕಿನ ಚಾದಲ್ಲಿ ಅರ್ಧ ಕೊಟ್ಟರು. ಮಿಷನ್ ತನ್ನ ಪಾಡಿಗೆ ತಿರುಗುತ್ತಿತ್ತು.

ಅದನ್ನು ಹೇಳುವಾಗ ಕಿನ್ನಿಯ ಮುಖ ಅರಳುತ್ತದೆ. “ಕೆಲಸ ಕಮ್ಮಿ ಆದ್ರೆ ಎಲ್ಲರಿಗೂ ಬೇಜಾರು. ಆ ದಿನ ಒಂದು ಚೀಲ ಕಮ್ಮಿ ಆಯ್ತು, ನನಗೆ ಹಬ್ಬ. ಇಂಥ ಕೆಲಸ ಬೇರೆ ಎಂತ ಉಂಟು, ನೀವೇ ಹೇಳಿ?”