ಕ್ರಮಸಂಖ್ಯೆ ಇಲ್ಲದ ಪಟ್ಟಿ

೨೦೦೬ನೇ ಇಸವಿಯ ಮೇ ತಿಂಗಳು. ಹೊಸದುರ್ಗದಲ್ಲಿ ಕುರಿ ಸಾಕುವವರ ಸಂಘವೊಂದರ ಹಳೆಯ ಕಟ್ಟಡದ ಜಗಲಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಮೇಜಿನ ಮೇಲೆ ಒಂದು ಕಂಪ್ಯೂಟರ್, ಅದರ ಮುಂದೆ ಆಪರೇಟರ್ ಇಮ್ತಿಯಾಜ್. ಪಕ್ಕದ ಕುರ್ಚಿಯಲ್ಲಿ ಸಂಘದ ಪಶುವೈದ್ಯರಾದ ಡಾಕ್ಟರ್ ರುದ್ರಮುನಿ. ಗೋಡೆಗೆ ಒರಗಿ ನಿಂತವಳು ನಾನು. ಕುರ್ಚಿ ಕೊಟ್ಟರೂ ಬೇಡವೆಂದು, ನೆಲಕ್ಕೆ ಕಂಬಳಿ ಹಾಸಿಕೊಂಡು ಕೂತವರು ಕರಿಯಮ್ಮ. ಶ್ರೀರಾಂಪುರದ ಕಡೆಯ ಒಂದು ಹಟ್ಟಿಯಿಂದ ಕುರಿಗಳನ್ನು ಮಗನಿಗೆ ಬಿಟ್ಟು ಬಂದಿದ್ದರು.

ನಾನು ಆಗ ಚಿತ್ರದುರ್ಗದ ಸಣ್ಣ ಸಾಫ್ಟ್‌ವೇರ್ ಕಚೇರಿಯೊಂದರಲ್ಲಿ ಪ್ರೋಗ್ರಾಮರ್. ಮನೆ ಹೊಳಲ್ಕೆರೆ. ತೊಂಬತ್ತರ ದಶಕದಲ್ಲಿ ಟೈಪಿಂಗ್ ಕಲಿಸುವ ಕೆಲಸದಿಂದ ಶುರು ಮಾಡಿ, ಯಾರೂ ಹೇಳಿಕೊಡದೆ ಜಾವಾ ಕಲಿತು ಅಲ್ಲಿಗೆ ಬಂದಿದ್ದೆ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ನಡುವೆ ಕರೆಂಟು ಹೋಗುವುದು ಬರುವುದು. ಕುರಿ ಸಂಘದವರಿಗೆ ನಾವು ಮಾಡಿಕೊಟ್ಟ, ಕುರಿಗಳನ್ನು ನೋಂದಾಯಿಸುವ ವೆಬ್ ಅಪ್ಲಿಕೇಶನ್ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ದೂರು ಬಂದಿತ್ತು. ಯಾಕೆಂದು ನೋಡಿ ಬಾ ಎಂದು ನನ್ನನ್ನು ಅಟ್ಟಿದ್ದರು. ಆ ವಾರ ಹಿರೇಗುಂಟನೂರಿನ ನೋಂದಣಿ ಶಿಬಿರವನ್ನೂ ನೋಡಿ ಬಂದಿದ್ದೆ. ಬಿಸಿಲಿಗೆ ತಲೆ ಕಾದು, ಸೊಂಟ ಬಿದ್ದುಹೋಗಿತ್ತು. ನಿಜ ಹೇಳಬೇಕೆಂದರೆ, ಬೇಗ ಮುಗಿಸಿ ಐದು ಗಂಟೆಯ ಬಸ್ಸು ಹಿಡಿಯುವುದೊಂದೇ ನನ್ನ ಆಸೆ.

"ಎಷ್ಟು ಕುರಿ ಅವೆ ಅಜ್ಜಿ?" ಇಮ್ತಿಯಾಜ್ ಕೇಳಿದ.

"ಅವೆ ಕಣಪ್ಪ, ದೇವ್ರು ಕೊಟ್ಟಷ್ಟು."

"ದೇವ್ರು ಎಷ್ಟು ಕೊಟ್ಟವ್ನೆ?"

"ಅದನ್ನ ಅವನ್ನೇ ಕೇಳು."

"ಅಲ್ಲಜ್ಜಿ, ನಾನೇನು ನಿನ್ನ ವಯಸ್ಸು ಕೇಳಿದ್ನಾ? ಕುರಿ ಲೆಕ್ಕ ಕೇಳಿದ್ದು."

"ವಯಸ್ಸು ಬೇಕಾದ್ರೆ ಬರ್ಕ. ಎಪ್ಪತ್ತು ಅಂತ ಬರಿ, ನೂರು ಅಂತ ಬರಿ. ಕುರಿ ಮಾತ್ರ ಎಣಿಸಿ ಬಾಯಲ್ಲಿ ಹೇಳಂಗಿಲ್ಲ. ಎಣಿಸಿದ ಕುರಿ ಏಳಿಗೆ ಆಗಲ್ಲ."

ಇಮ್ತಿಯಾಜ್ ನನ್ನ ಮುಖ ನೋಡಿದ. ಅವನ ಕಷ್ಟ ನನಗೆ ಗೊತ್ತಿತ್ತು. ನಮ್ಮ ಫಾರ್ಮಿನ ಮೊದಲ ಪುಟದಲ್ಲೇ 'ಒಟ್ಟು ಕುರಿಗಳ ಸಂಖ್ಯೆ' ಎಂಬ ಖಾನೆ. ಅಲ್ಲಿ ಮೂವತ್ತು ಎಂದು ಹಾಕಿದರೆ ಮುಂದಿನ ಪುಟದಲ್ಲಿ ಮೂವತ್ತು ಸಾಲು ಬರುತ್ತವೆ. ಒಂದೊಂದು ಸಾಲಿಗೆ ಒಂದೊಂದು ಕುರಿ: ಗುರುತು, ಹೆಣ್ಣೋ ಗಂಡೋ, ವಯಸ್ಸು ತಿಳಿಯಲು ಹಲ್ಲು ಎಷ್ಟು. ಮೂವತ್ತೊಂದನೇ ಕುರಿಗೆ ಜಾಗವಿಲ್ಲ, ಇಪ್ಪತ್ತೊಂಬತ್ತಕ್ಕೆ ನಿಲ್ಲಿಸುವಂತೆಯೂ ಇಲ್ಲ. ಸಂಖ್ಯೆ ಹಾಕದಿದ್ದರೆ ಮುಂದಿನ ಪುಟವೇ ಇಲ್ಲ.

ಕರಿಯಮ್ಮನ ಹಟವೇನೂ ಬರಿಯ ಹಟವಾಗಿರಲಿಲ್ಲ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಮುಂಗಾರು ಬಿದ್ದು ಎಳೆ ಹುಲ್ಲು ಚಿಗುರಿದಾಗ ಕುರಿಗಳಿಗೆ ಕರುಳುಬೇನೆ ಬರುತ್ತದೆ. ಸಂಜೆ ಚೆನ್ನಾಗಿ ಮೇದು ಬಂದ ಕುರಿ ಬೆಳಿಗ್ಗೆ ಕಾಲು ಚಾಚಿ ಬಿದ್ದಿರುತ್ತದೆ. ಬಂದ ಮೇಲೆ ಮದ್ದಿಲ್ಲ, ಮಳೆಗೆ ಮುಂಚೆ ಲಸಿಕೆ ಹಾಕಿಸಬೇಕು. ಲಸಿಕೆ ಬರುವುದು ನಮ್ಮ ಕಂಪ್ಯೂಟರಿನಲ್ಲಿ ಎಷ್ಟು ಕುರಿ ನೋಂದಣಿಯಾಗಿದೆಯೋ ಅಷ್ಟಕ್ಕೇ.

"ಹೋದ ವರ್ಷ ಈಯಮ್ಮ ಬಾಯಿಗೆ ಬಂದಿದ್ದು ಇಪ್ಪತ್ತು ಅಂದ್ರು. ಇಪ್ಪತ್ತಕ್ಕೇ ಲಸಿಕೆ ಬಂತು," ಅಂದರು ಡಾಕ್ಟರು. "ನಾನು ಹಟ್ಟಿಗೆ ಹೋಗಿ ನೋಡಿದ್ರೆ ದೊಡ್ಡಿ ತುಂಬ ಕುರಿ. ಯಾವುದಕ್ಕೆ ಹಾಕಲಿ, ಯಾವುದನ್ನ ಬಿಡಲಿ? ದೊಡ್ಡವಕ್ಕೆ ಹಾಕಿ ಮರಿಗಳನ್ನ ಬಿಟ್ವಿ. ಮಳೆ ಬಂತು. ಮರಿಗಳು ಹೋದ್ವು."

ನಾನು ಹಿಂದಿನ ವರ್ಷದ ನೋಂದಣಿಗಳನ್ನು ತೆರೆದು ನೋಡಿದೆ. ಇಪ್ಪತ್ತು, ಮೂವತ್ತು, ನಲವತ್ತು, ಮತ್ತೆ ಇಪ್ಪತ್ತು. ಒಂದೂ ಮೂವತ್ತೇಳಿಲ್ಲ, ಒಂದೂ ನಲವತ್ತಾರಿಲ್ಲ. ಹಿರೇಗುಂಟನೂರಿನದೂ ಹಾಗೆಯೇ. ಎಲ್ಲರೂ ನಿಜಕ್ಕಿಂತ ಕಡಿಮೆಯ, ದುಂಡನೆಯ ಒಂದು ಅಂಕಿ ಹೇಳಿ ಕುರಿಗಳನ್ನು ದೃಷ್ಟಿಯಿಂದ ಕಾಪಾಡಿಕೊಂಡಿದ್ದರು.

ಕರಿಯಮ್ಮ ಈ ಸಲ ಸುಳ್ಳು ಹೇಳಲು ತಯಾರಿರಲಿಲ್ಲ. "ಸುಳ್ಳು ಹೇಳಿದ್ದಕ್ಕೇ ಮರಿ ಹೋದ್ವು. ನಿಜ ಹೇಳಂಗಿಲ್ಲ. ನೀನೇ ಒಂದು ದಾರಿ ಮಾಡವ್ವ," ಎಂದು ನನ್ನ ಕಡೆ ತಿರುಗಿದರು.

"ನಾವೇ ಹಟ್ಟಿಗೆ ಬಂದು ಎಣಿಸ್ಕಂತೀವಿ ಬಿಡಜ್ಜಿ," ಅಂದ ಇಮ್ತಿಯಾಜ್.

"ಬಾರಪ್ಪ. ದೊಡ್ಡಿಗೆ ಬೆಟ್ಟು ತೋರಿಸ್ದೋರ್ನ ನಮ್ಮ ನಾಯಿ ಸುಮ್ನೆ ಬಿಡಲ್ಲ. ಪ್ಯಾಂಟು ಹಳೇದು ಹಾಕ್ಕಂಡು ಬಾ."

ನನಗೆ ನಗು ಬಂತು, ದಣಿವೂ ಬಂತು. ಕೇಳಿದೆ: "ಎಣಿಸೋದೇ ಇಲ್ಲ ಅಂದ್ರೆ, ಸಂಜೆ ಒಂದು ಕುರಿ ತಪ್ಪಿಸಿಕೊಂಡಿದ್ರೆ ನಿಮಗೆ ಹೇಗೆ ಗೊತ್ತಾಗುತ್ತಮ್ಮ?"

"ನಿಮ್ಮನೇಲಿ ಉಣ್ಣಕ್ಕೆ ಕುಂತಾಗ ಒಬ್ರು ಬಂದಿಲ್ಲ ಅಂದ್ರೆ ನೀನು ಎಣಿಸಿ ನೋಡ್ತೀಯಾ? ಮುಖ ಕಾಣಲ್ಲ, ಅಷ್ಟೇ."

ಐದು ಗಂಟೆಯ ಬಸ್ಸು ತಪ್ಪಿತು. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗುವಾಗ ಆ ಮಾತು ತಲೆಯಲ್ಲಿ ಕೂತಿತ್ತು. ನಮ್ಮ ತಾತ ಹೊರಕೆರೆದೇವಪುರದ ಹತ್ತಿರದ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಒಂದು' ಅನ್ನುತ್ತಿರಲಿಲ್ಲ, 'ಲಾಭ' ಅನ್ನುತ್ತಿದ್ದರು. ನಮ್ಮ ಅಜ್ಜಿ ಅಕ್ಕಿ ಮುಗಿಯಿತು ಅನ್ನುತ್ತಿರಲಿಲ್ಲ, 'ಹೆಚ್ಚಿದೆ' ಅನ್ನುತ್ತಿದ್ದರು. ಅವರ ಮಡಿಲಲ್ಲಿ ಮಾತು ಕಲಿತ ನಾನು ಕರಿಯಮ್ಮನಿಗೆ ಏನೆಂದು ಬುದ್ಧಿ ಹೇಳಲಿ?

ಹಳೆಯ ಫಾರ್ಮ್ ಹೇಗಿತ್ತೆಂದರೆ, ಮದುವೆ ಮನೆಯಲ್ಲಿ ಬರುವವರ ಸಂಖ್ಯೆ ಮೊದಲೇ ಕೇಳಿ, ಅಷ್ಟೇ ಎಲೆ ಹಾಕಿ, ಬಾಗಿಲು ಹಾಕಿಕೊಂಡ ಹಾಗೆ. ಬೇಕಾಗಿದ್ದದ್ದು ಬಂದವರಿಗೆ ಬಂದ ಹಾಗೆ ಎಲೆ ಹಾಕುವ ಪಂಕ್ತಿ. ಇದಕ್ಕೆ ನಮ್ಮ ಕಸುಬಿನಲ್ಲಿ ಡೈನಾಮಿಕ್ ಲಿಸ್ಟ್ ಅನ್ನುತ್ತಾರೆ. ಪುಟದಲ್ಲಿ 'ಇನ್ನೊಂದು ಸೇರಿಸು' ಎಂಬ ಬಟನ್. ಒತ್ತಿದರೆ ಪುಟದೊಳಗೇ ಇರುವ ಜಾವಾಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಒಂದು ಹೊಸ ಸಾಲು ಹಾಕುತ್ತದೆ. ಪ್ರತಿ ಸಾಲಿಗೂ ಒಳಗೊಳಗೆ ಒಂದು ಇಂಡೆಕ್ಸ್, ಅಂದರೆ ಕೂತ ಜಾಗದ ಗುರುತು. ಚಿತ್ರದುರ್ಗದ ಸರ್ವರಿನಲ್ಲಿರುವ ಜಾವಾ ಪ್ರೋಗ್ರಾಂ ಆ ಗುರುತನ್ನು ನೋಡಿ, ತನ್ನ ಲಿಸ್ಟಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ತಾನೇ ಜಾಗ ಮಾಡಿಕೊಂಡು ಕುರಿಯನ್ನು ಕೂರಿಸಬೇಕು. ಇಂದು ಇದನ್ನು ಯಾವ ಕಾಲೇಜು ವಿದ್ಯಾರ್ಥಿಯಾದರೂ ಮಾಡಿಬಿಡುತ್ತಾನೆ. ಆಗ ನಮಗೆ ಅದೊಂದು ಹೆಣಗಾಟ. ಒಂದು ಸಾಲು ಸೇರಿಸಿದರೆ ಇನ್ನೊಂದು ಮಾಯ. ಜಾಗವಿಲ್ಲ ಎಂದು ಸರ್ವರ್ ಕೆಂಪು ಅಕ್ಷರದಲ್ಲಿ ಬೈಯುವುದು, ನಾನು ತಲೆಗೆ ಕೈ ಹೊತ್ತು ಕೂರುವುದು.

ಲಸಿಕೆಯ ಬೇಡಿಕೆ ಕಳಿಸಲು ಆ ವಾರವಷ್ಟೇ ಉಳಿದಿತ್ತು. ನಮ್ಮ ಮುಖ್ಯಸ್ಥ ಶಿವಲಿಂಗಪ್ಪನವರು ಹೊಸ ಪುಟ ನೋಡಿ ಹುಬ್ಬು ಗಂಟು ಹಾಕಿದರು.

"ಕ್ರಮಸಂಖ್ಯೆ ಕಾಲಂ ಎಲ್ಲಮ್ಮ?"

"ತೆಗೆದಿದ್ದೀನಿ ಸಾರ್."

"ಕ್ರಮಸಂಖ್ಯೆ ಇಲ್ದಿದ್ರೆ ಅದು ಪಟ್ಟಿ ಅಲ್ಲಮ್ಮ, ಹಾಡು!"

ಕರಿಯಮ್ಮನ ಕತೆ ಹೇಳಿದೆ. ಅವರದು ಹಿರಿಯೂರಿನ ಕಡೆಯ ಊರು, ಅಲ್ಲೂ ಕುರಿ ಎಣಿಸಿ ಹೇಳುವುದಿಲ್ಲ. ಪುಟವನ್ನು ಇನ್ನೊಮ್ಮೆ ನೋಡಿ, "ನಿನ್ನ ಮಷೀನಾದ್ರೂ ಎಣಿಸುತ್ತೋ ಇಲ್ವೋ?" ಅಂದರು.

"ಎಣಿಸುತ್ತೆ ಸಾರ್. ಬಾಯಿ ಬಿಟ್ಟು ಹೇಳಲ್ಲ. ಅದೂ ಸೊನ್ನೆಯಿಂದ ಶುರು ಮಾಡುತ್ತೆ, ನಮ್ಮ ತಾತನ ಹಾಗೆ ಮೊದಲನೇದಕ್ಕೆ ಒಂದು ಅನ್ನಲ್ಲ."

"ಹಾಡೇ ಆಗ್ಲಿ, ಹೋಗು," ಅಂದರು.

ಶುಕ್ರವಾರ ಮತ್ತೆ ಹೊಸದುರ್ಗ. ಮತ್ತದೇ ಜಗಲಿ, ಅದೇ ನಾಲ್ಕು ಜನ, ಅದೇ ಕಂಬಳಿ. ಈ ಸಲ ಇಮ್ತಿಯಾಜ್ ಎಷ್ಟು ಎಂದು ಕೇಳಲಿಲ್ಲ.

"ಹೇಳಜ್ಜಿ, ಯಾರ್ಯಾರವ್ರೆ ಮನೇಲಿ?"

ಕರಿಯಮ್ಮ ಕಣ್ಣು ಮುಚ್ಚಿಕೊಂಡರು. "ಕರಿಮೂತಿದು, ಹೆಣ್ಣು, ನಾಕಲ್ಲು. ಅದರ ಮರಿ. ಮೊಂಡ್ಗಿವಿದು. ಹಿರಿಯೂರು ಸಂತೇಲಿ ತಂದದ್ದು, ಎರಡಲ್ಲು. ಅದರ ಜೊತೇದು, ಕೆಂಚಗಿರೋದು..."

ಇಮ್ತಿಯಾಜ್ ಬಟನ್ ಒತ್ತುತ್ತಾ ಹೋದ, ಸಾಲು ಬರುತ್ತಾ ಹೋದವು. ನಡುವೆ ಕರೆಂಟು ಹೋಯಿತು. ಯುಪಿಎಸ್ ಕೀ ಕೀ ಎಂದು ಕೂಗುತ್ತ ಹೇಗೋ ಜೀವ ಹಿಡಿದುಕೊಂಡಿತು, ಕರೆಂಟು ಬಂತು. ಮಧ್ಯಾಹ್ನ ಸಾಗಿ ಕೊನೆಗೆ, "ಯಾವಾಗ್ಲೂ ನುಗ್ಗೋದು ಒಂದೈತೆ, ಹೆಣ್ಣು, ಹಲ್ಲೆಲ್ಲ ಬಂದು ಬಾಯಿಗೂಡಿದ್ದು," ಎಂದು ನಿಲ್ಲಿಸಿದರು. ತಕ್ಷಣ ಹಣೆ ಚಚ್ಚಿಕೊಂಡರು. "ಅಯ್ಯೋ, ಆ ದೊಡ್ಡ ಟಗರು ಹೇಳಿಬಿಟ್ನಲ್ಲಪ್ಪ! ಅದು ದೇವ್ರಿಗೆ ಬಿಟ್ಟಿದ್ದು. ಅದನ್ನ ಬರೆಯಂಗಿಲ್ಲ, ಸೂಜಿ ಚುಚ್ಚಂಗಿಲ್ಲ. ತೆಗಿ, ತೆಗಿ."

ಇಮ್ತಿಯಾಜ್ ನಡುವಿನ ಆ ಸಾಲನ್ನು ತೆಗೆದು 'ಉಳಿಸು' ಒತ್ತಿದ. ಫೋನಿನ ತಂತಿಯಲ್ಲಿ ಪುಟ ಹೋಗಿ ಬರಲು ಬಹಳ ಹೊತ್ತು ಹಿಡಿಯಿತು. ಬಂದದ್ದು ತಪ್ಪಿನ ಸಂದೇಶ. ತೆಗೆದ ಟಗರಿನ ಜಾಗದಲ್ಲಿ ಒಂದು ಖಾಲಿ ಸಾಲು ಬಾಯಿ ತೆರೆದು ಕೂತಿತ್ತು, ಖಾಲಿ ಸಾಲು ಇರುವ ಪಟ್ಟಿಯನ್ನು ಸರ್ವರ್ ಒಪ್ಪುವುದಿಲ್ಲ. ಪಂಕ್ತಿಯ ನಡುವೆ ಒಬ್ಬರು ಎದ್ದುಹೋದರೂ ಎಲೆ ಹಾಗೇ ಉಳಿಯುತ್ತದಲ್ಲ, ಅದೇ ಗತಿ. ಆ ಖಾಲಿ ಸಾಲನ್ನು ಮತ್ತೆ ತೆಗೆದೆವು. ಮತ್ತೆ ಬಂತು.

ಪ್ರೋಗ್ರಾಂ ತಿದ್ದಬೇಕೆಂದರೆ ನಾನು ಚಿತ್ರದುರ್ಗಕ್ಕೆ ಹೋಗಬೇಕು. ಬೇಡಿಕೆ ಹೋಗುವುದು ಅವತ್ತೇ ಸಂಜೆ.

"ಎಲ್ಲ ಇನ್ನೊಂದ್ಸಲ ಹೇಳ್ತೀಯೇನಜ್ಜಿ?" ಇಮ್ತಿಯಾಜ್ ಸೋತ ದನಿಯಲ್ಲಿ ಕೇಳಿದ.

"ಇಲ್ಲಪ್ಪ. ಒಂದ್ಸಲ ಕರೆದರೆ ಕರೆದಂಗೆ. ಮತ್ತೆ ಮತ್ತೆ ಹೇಳಿದ್ರೆ ಎಣಿಸ್ದಂಗೇ ಆಯ್ತು."

ಡಾಕ್ಟರು ಹೊರಗೆ ಮೋಡ ನೋಡಿದರು. ತೆಂಗಿನ ತೋಟಗಳ ಮೇಲೆ ಕಪ್ಪು ಕಟ್ಟುತ್ತಿತ್ತು. ನಾನು ಆ ಖಾಲಿ ಸಾಲನ್ನೇ ನೋಡುತ್ತಾ ಕೂತಿದ್ದೆ. ನಮ್ಮ ಮನೆಯ ಮದುವೆಗಳಲ್ಲಿ ಇಂಥ ಖಾಲಿ ಎಲೆಗೆ ಏನು ಮಾಡುತ್ತಿದ್ದರು? ಕೊನೆಯಲ್ಲಿ ಕೂತವರನ್ನು ಎಬ್ಬಿಸಿ ಅಲ್ಲಿ ಕೂರಿಸುತ್ತಿದ್ದರು.

"ಇಮ್ತಿಯಾಜ್, ಕೊನೆಯ ಕುರಿಯ ವಿವರ ಈ ಖಾಲಿ ಸಾಲಿಗೆ ಹಾಕಿ. ಆಮೇಲೆ ಕೊನೆಯ ಸಾಲು ತೆಗೀರಿ. ಕೊನೆಯಲ್ಲಿ ತೆಗೆದರೆ ನಡುವೆ ತೂತು ಬೀಳಲ್ಲ."

ಅವನು ಕರಿಯಮ್ಮನ ಕಡೆ ನೋಡಿದ. "ಏನಜ್ಜಿ, ನಿನ್ನ ಕಡೇ ಕುರೀನ ಟಗರಿನ ಜಾಗಕ್ಕೆ ತಂದು ಕೂರಿಸ್ಲಾ?"

"ಅದಾ? ಬರ್ಲಿ ಬಿಡು. ಮೊದ್ಲಿಂದ್ಲೂ ನುಗ್ಗೋದೇ ಅದು."

'ಉಳಿಸು' ಒತ್ತಿದ. ಪುಟ ಹೋಯಿತು. ಹಸಿರು ಅಕ್ಷರ ಬಂತು. ಇಮ್ತಿಯಾಜ್ ಕುರ್ಚಿಗೆ ಬೆನ್ನು ಕೊಟ್ಟು, "ಅಬ್ಬ, ಮುಗೀತು!" ಅಂದ.

"ಲೇ, ಮುಗೀತು ಅನ್ಬ್ಯಾಡ! ಕಡೇಗೆ ಒಂದು ಸಾಲು ಖಾಲಿ ಬಿಡು. ಮನೆ ಅಂದ್ಮೇಲೆ ಬರೋರಿಗೆ ಜಾಗ ಇರ್ಬೇಕು."

"ಖಾಲಿ ಬಿಟ್ರೆ ಈ ಮಷೀನು ತಗಳಲ್ವಲ್ಲಜ್ಜಿ, ಈಗ ತಾನೆ ನೋಡಿದ್ಯಲ್ಲ."

"ತಗಳ್ಳೋ ಹಂಗೆ ಮಾಡ್ತೀನಮ್ಮ," ಅಂದೆ ನಾನು. ಮಾತು ಕೊಟ್ಟಾಗಿತ್ತು.

ಒಟ್ಟು ಸಂಖ್ಯೆ ಡಾಕ್ಟರ ಪುಟದಲ್ಲಿ ಮಾತ್ರ ಕಾಣುವಂತೆ ಮಾಡಿದ್ದೆ. ಅದನ್ನು ತೆರೆದವರೇ ಅವರು ಅಭ್ಯಾಸಬಲದಿಂದ, "ಕರಿಯಮ್ಮ, ನಲವ..." ಎಂದು ಬಾಯಿ ತೆರೆದರು. ಇಮ್ತಿಯಾಜ್ ಜೋರಾಗಿ ಕೆಮ್ಮಿದ. ಡಾಕ್ಟರು ಉಳಿದದ್ದನ್ನು ನುಂಗಿಕೊಂಡು, "ನಲವತ್ತು ಸಲ ಹೇಳಿದೀನಿ, ಸಂಜೆ ತಂಪಲ್ಲಿ ಮನೆಗೆ ಹೋಗ್ರಿ ಅಂತ," ಅಂದರು. ಕರಿಯಮ್ಮ ಏನೂ ಕೇಳಿಸದವರಂತೆ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು.

ಮರುದಿನ ಕಚೇರಿಯಲ್ಲಿ ಎರಡು ತಿದ್ದುಪಡಿ ಮಾಡಿದೆ. ಉಳಿಸುವಾಗ ಖಾಲಿ ಸಾಲುಗಳನ್ನು ಪ್ರೋಗ್ರಾಂ ತಾನೇ ಬಿಟ್ಟುಬಿಡುವುದು, ಪಟ್ಟಿ ತೆರೆದಾಗ ಕೊನೆಯಲ್ಲಿ ಯಾವಾಗಲೂ ಒಂದು ಖಾಲಿ ಸಾಲು ತೋರಿಸುವುದು. ಉಳಿದ ಶಿಬಿರಗಳಿಗೂ ಅದೇ ಪುಟ ಹೋಯಿತು, ದುಂಡನೆಯ ಅಂಕಿಗಳು ನಿಂತುಹೋದವು. ಯಾರೂ ಬೆನ್ನು ತಟ್ಟಲಿಲ್ಲ, ಯಾರಿಗೂ ಪುರಸೊತ್ತಿರಲಿಲ್ಲ. ಮುಂದಿನ ವಾರ ಬೇರೆ ಫಾರ್ಮು, ಬೇರೆ ತಕರಾರು, ಅದೇ ಬಸ್ಸು.

ಈ ಕೆಲಸದಲ್ಲಿ ಇಪ್ಪತ್ತು ವರ್ಷದ ಮೇಲೆ ಸವೆದಿದ್ದೇನೆ. ಕಲಿತದ್ದು ಇಷ್ಟು: ಫಾರ್ಮ್ ಕೇಳುವ ಮೊದಲ ಪ್ರಶ್ನೆಯೇ ಜನ ಉತ್ತರಿಸಲಾಗದ್ದಾದರೆ, ಮುಂದಿನದೆಲ್ಲ ಸುಳ್ಳೇ ಬರುತ್ತದೆ. ಜನ ತಮ್ಮವರನ್ನು ಹೇಗೆ ನೆನೆಯುತ್ತಾರೋ ಹಾಗೆ ಕೇಳಬೇಕು. ಎಣಿಸುವುದು ಯಂತ್ರದ ಪಾಡು.

ಮಾರನೇ ವರ್ಷ ಮೇ ತಿಂಗಳಲ್ಲಿ ಬೇರೆ ಯಾವುದೋ ಕೆಲಸಕ್ಕೆ ಹೊಸದುರ್ಗಕ್ಕೆ ಹೋಗಿದ್ದೆ. ಜಗಲಿಯಲ್ಲಿ ಕರಿಯಮ್ಮ ಕೂತಿದ್ದರು. ಇಮ್ತಿಯಾಜ್ ಅವರ ಹಳೆಯ ಪಟ್ಟಿ ತೆರೆದು ಮೇಲಿನಿಂದ ಓದುತ್ತಿದ್ದ.

"ಕರಿಮೂತಿದು?"

"ಐತೆ."

"ಅದರ ಮರಿ?"

"ಐತೆ. ಈಗ ಅದಕ್ಕೂ ಹಲ್ಲು ಬಂದವೆ."

"ಮೊಂಡ್ಗಿವಿದು?"

"ಐತೆ."

"ಹಿರಿಯೂರು ಸಂತೇದು?"

"ಮಾರಿದ್ವಿ. ಅದರ ಜೊತೇದು ಐತೆ."

"ನುಗ್ಗೋದು?"

"ಐತೆ. ಈಗ್ಲೂ ನುಗ್ಗುತ್ತೆ."

ನಾನು ಚೀಲ ಕೆಳಗಿಟ್ಟು ಗೋಡೆಗೆ ಒರಗಿ ನಿಂತೆ. ಪಟ್ಟಿ ಕೊನೆಯವರೆಗೆ ಹೋಯಿತು. ಕೆಲವು ಮಾರಿದ್ದವು, ಉಳಿದದ್ದೆಲ್ಲ ಐತೆ, ಐತೆ. ಸತ್ತದ್ದು ಎಂಬ ಮಾತು ಬರಲಿಲ್ಲ. ಕೊನೆಯಲ್ಲಿ ಖಾಲಿ ಸಾಲು ಬಂತು. ಇಮ್ತಿಯಾಜ್ ಓದುವುದನ್ನು ನಿಲ್ಲಿಸಿ ತಲೆ ಎತ್ತಿದ.

"ಅದಕ್ಕೂ ಬಂದೈತೆ ಕಣಪ್ಪ," ಅಂದರು ಕರಿಯಮ್ಮ. "ನಿನ್ನೆ ಸಂಜೆ. ಹೆಣ್ಣು ಮರಿ. ಬರ್ಕ."