ಚಾಲು ಎಂದ ಇಂಜಿನಿಯರು

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮಸರಕಲ್ ಹತ್ತಿರ ರಸ್ತೆ ಕೆಲಸ ನಡೆದಿತ್ತು. ಆಗಷ್ಟೇ ಮದುವೆಯಾಗಿದ್ದ ನಾನು ಅತ್ತೆಯ ಜೊತೆ ನೀರು ಹೊರಲು ಹೋಗುತ್ತಿದ್ದೆ. ಹರವಿದ ಮೊರಮ್ಮಿನ, ಅಂದರೆ ಗರಸು ಮಣ್ಣಿನ ಮೇಲೆ ಹೆಂಗಸರು ನೀರು ಸುರಿಯಬೇಕು, ಹಿಂದಿನಿಂದ ಎತ್ತುಗಳು ಕಲ್ಲಿನ ರೋಲು ಎಳೆದು ನೆಲ ಗಟ್ಟಿ ಮಾಡಬೇಕು. ಇದಕ್ಕೆ ಓದು ಬೇಡ.

ಓದಿದವನೊಬ್ಬ ಬಂದ. ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಪಾಸಾದವನು. ಟೋಪಿ ದೊಡ್ಡದು, ಕಾಲು ಕಡ್ಡಿ. ಮನೆಮಾತು ತೆಲುಗು, ಕನ್ನಡ ಬಾರದು. ಅವನ ಮಾತನ್ನು ಮೇಸ್ತ್ರಿ ನಮಗೆ ತಿಳಿಸುತ್ತಿದ್ದ. ಅವತ್ತು ರಾಯಚೂರಿನಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರು ಕೆಲಸ ಮೆಚ್ಚಿದರೆ ಇವನ ನೌಕರಿ ಕಾಯಂ, ಇಲ್ಲದಿದ್ದರೆ ಗಂಟುಮೂಟೆ. ಮೇಸ್ತ್ರಿ ಅವರನ್ನು ಎದುರುಗೊಳ್ಳಲು ಹೋದ.

ನೆಲ ನೆನೆದದ್ದು ನೋಡಿ ಇಂಜಿನಿಯರು ಕೂಗಿದ: "ಚಾಲು! ಚಾಲು!"

ನಮ್ಮಲ್ಲಿ ಚಾಲು ಎಂದರೆ ಶುರು ಮಾಡು, ನಡೆಸು. ಇನ್ನಷ್ಟು ಸುರಿದೆವು.

"ಚಾಲಮ್ಮಾ, ಚಾಲು!"

"ಅಮ್ಮಾ ಅನ್ನಾಕತ್ತಾನ, ಪಾಪ. ಬಿರಬಿರ ಹಾಕ್ರೇ" ಎಂದಳು ಅತ್ತೆ.

ತೆಲುಗಿನಲ್ಲಿ ಚಾಲು ಎಂದರೆ ಸಾಕು ಎಂದು ನಮಗೇನು ಗೊತ್ತು? ಅವನು ಕೂಗಿದಷ್ಟೂ ನಾವು ಓಡಿದೆವು. ರಸ್ತೆ ಗಂಜಿಯಾಯಿತು. ರೋಲು ಹೂತುಕೊಂಡಿತು. ಎತ್ತುಗಳು ಅಲ್ಲೇ ಮಲಗಿದವು.

ಅಷ್ಟರಲ್ಲಿ ಸಾಹೇಬರ ಮೋಟಾರು ಬಂತು. ಅವರಿಗೆ ಕನ್ನಡ ಬರುತ್ತಿತ್ತು. ಬೂಟು ಕೆಡುತ್ತದೆಂದು ಇಳಿಯದೆ ಕೇಳಿದರು: "ಏನ್ರವ್ವಾ, ರಸ್ತಾ ಮಾಡಾಕತ್ತೀರೋ, ನೆಲ್ಲು ಹಚ್ಚಾಕತ್ತೀರೋ?"

"ನಿಮ್ಮವನ್ನ ಕೇಳ್ರಿ ಯಪ್ಪಾ. ಚಾಲು ಚಾಲು ಅಂತ ಜೀವಾ ತಿನ್ನಾಕತ್ತಾನ" ಎಂದಳು ಅತ್ತೆ.

ಸಾಹೇಬರ ಜೊತೆ ಬಂದಿದ್ದ ಮೇಸ್ತ್ರಿ ಬಾಯಿ ತೆರೆದ. ಸಾಹೇಬರು ತಡೆದರು. "ನೀ ಸುಮ್ಮನಿರು. ಇವ್ರು ನೀರು ಹಾಕ್ಕೋತ ಇರ್ಲಿ, ಅವನೇ ನಿಲ್ಲಿಸ್ಲಿ. ಆಗಲಿಲ್ಲಂದ್ರ ಮನಿಗೆ ಹೋಗ್ಲಿ." ಅದನ್ನೇ ಇಂಜಿನಿಯರಿಗೆ ಉರ್ದುವಿನಲ್ಲಿ ಹೇಳಿದರು.

ಅವನು ಮತ್ತೆ ಚಾಲು ಎನ್ನಲು ಹೋಗಿ ಬಾಯಿ ಮುಚ್ಚಿಕೊಂಡ. ನನ್ನ ತುಂಬಿದ ಕೊಡ ಕಿತ್ತುಕೊಂಡು, ಟೋಪಿ ತೆಗೆದು, ನೀರನ್ನೆಲ್ಲ ತನ್ನ ತಲೆಯ ಮೇಲೇ ಸುರಿದುಕೊಂಡ. ಕೊಡ ಬೋರಲು ಹಾಕಿ ಅದರ ಮೇಲೆ ಕುಳಿತು ನಮಗೆ ಕೈ ಮುಗಿದ. ಕೊಡ ವಾಲಿತು. ಕೈ ಮುಗಿದುಕೊಂಡೇ ಕೆಸರಿಗೆ ಬಿದ್ದ.

ನಾವೆಲ್ಲ ನಿಂತೆವು. ಅಷ್ಟು ನಗುತ್ತಾ ನೀರು ಹೊರಲಾಗುವುದಿಲ್ಲ.

"ನಿಲ್ಲಿಸಿದ್ನಲ್ಲ" ಎಂದರು ಸಾಹೇಬರು. ನೌಕರಿ ಉಳಿಯಿತು. ಒಂದೇ ಶರತ್ತು: ರಸ್ತೆ ಒಣಗುವ ತನಕ ಹೆಂಗಸರ ಹತ್ತಿರ ಕನ್ನಡ ಕಲಿಯಬೇಕು, ಮೇಸ್ತ್ರಿ ಬಾಯಿ ಹಾಕಬಾರದು.

ಮರುದಿನ ಅವನು ಅತ್ತೆಯ ಮುಂದೆ ಬಂದು ಕೈಕಟ್ಟಿ ನಿಂತ. ಅತ್ತೆಗೆ ಹಸಿವಾಗಿತ್ತು.

"ಮರದ ಕೆಳಗ ನನ್ನ ಬುತ್ತಿ ಅದ. ತಗೊಂಡು ಬಾ ಯಪ್ಪಾ."

ಜೋರಾಗಿ ತಲೆಯಾಡಿಸಿ ಓಡಿದ. ಮಣ್ಣು ಹೊರುವ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ನಗುತ್ತಾ ಬಂದ.