ಗ್ರೈಂಡರ್ ಆರಿಸಿದ ಭಾನುವಾರಗಳು

ಗ್ರೈಂಡರಿನ ಸ್ವಿಚ್ ಕೆಟ್ಟಿತ್ತು. ಎನ್.ಆರ್. ಕಾಲೋನಿಯ ಮೂಲೆಯ ರಿಪೇರಿ ಅಂಗಡಿಯವನು ನನ್ನೆದುರೇ ತಂತಿಗೆ ಬೆಸುಗೆ ಹಾಕಿದ. ರಾಳ ಕರಗಿ ಎದ್ದ ಹೊಗೆ ಮೂಗಿಗೆ ತಾಗಿದ್ದೇ ತಡ, ನನ್ನ ಬಲಭುಜ ನೋಯತೊಡಗಿತು. ವಾಸನೆಗೂ ಭುಜಕ್ಕೂ ಏನು ಸಂಬಂಧ ಎನ್ನುತ್ತೀರಿ. ಹೇಳುತ್ತೇನೆ.

ತೊಂಬತ್ತರ ದಶಕದ ನಡುವೆ ನಮ್ಮ ಯಜಮಾನರು ಹವ್ಯಾಸಿ ರೇಡಿಯೋ ಲೈಸೆನ್ಸ್ ಪಡೆದು, ದೇವರಮನೆಗೂ ಉಗ್ರಾಣಕ್ಕೂ ನಡುವಿನ ಸಂದಿಯಲ್ಲಿ ಮೇಜು ಹಾಕಿದರು. ಕೊಂಡು ತಂದ ಯಂತ್ರವೆಂದರೆ ಅವರಿಗೆ ಹೋಟೆಲಿನಿಂದ ತಂದ ಸಾರಿದ್ದ ಹಾಗೆ. ಎಲ್ಲವೂ ಕೈಯಲ್ಲೇ ಆಗಬೇಕು. ಪೌಡರ್ ಡಬ್ಬಿಗೆ ತಂತಿ ಸುತ್ತಿದರು. ನನ್ನ ಬಿಸ್ಕತ್ತಿನ ಡಬ್ಬ ಟ್ರಾನ್ಸ್‌ಮಿಟರ್ ಆಯಿತು, ಅದರಲ್ಲಿದ್ದ ಚಕ್ಕುಲಿ ಪೇಪರಿನ ಪಾಲಾಯಿತು. ಅದೂ ಬಾಯಲ್ಲಿ ಮಾತಾಡುವ ರೇಡಿಯೋ ಅಲ್ಲ, ಟೈಪ್ ಮಾಡಿದ ಅಕ್ಷರವನ್ನು ಗಾಳಿಯಲ್ಲಿ ಕಳಿಸುವಂಥದ್ದು.

"ಎರಡೇ ಫ್ರೀಕ್ವೆನ್ಸಿ ಕಣೆ. ಒಂದು ಹೌದು, ಪಕ್ಕದಲ್ಲೇ ಇನ್ನೊಂದು ಇಲ್ಲ. ಹೌದು-ಇಲ್ಲ, ಹೌದು-ಇಲ್ಲ ಅಂತ ಜಿಗೀತಾ ಹೋದ್ರೆ ಆ ಕಡೆ ಪರದೆ ಮೇಲೆ ಅಕ್ಷರ ಬೀಳುತ್ತೆ."

"ನಿಮ್ಮಮ್ಮನೂ ಹಾಗೇ ಅಲ್ವೇನ್ರೀ ಮಾತಾಡೋದು?" ಎಂದೆ. ನಗಲಿಲ್ಲ.

ಅವರಿಗೆ ಬೇಕಾಗಿದ್ದು ಒಂದೇ: ತಾವೇ ಕಟ್ಟಿದ ಆ ಡಬ್ಬಕ್ಕೆ ಸಮುದ್ರದಾಚೆಯಿಂದ ಒಂದು ಉತ್ತರ. ಭಾನುವಾರ ಬೆಳಿಗ್ಗೆ ಕೂರುವರು. ಮೊದಲು ಮಲ್ಲೇಶ್ವರದ ಗೆಳೆಯ ಶ್ರೀಪತಿಗೆ ಫೋನು. ಅವರಿಗೂ ಇದೇ ಹುಚ್ಚು, ಯಂತ್ರ ಮಾತ್ರ ವಿದೇಶದ್ದು. ಇವರು ನಾಲ್ಕು ಸಾಲು ಕಳಿಸಿ ಕೇಳುವರು: "ಹೇಗ್ ಬರ್ತಿದೆಯೋ?"

"ಫಸ್ಟ್ ಕ್ಲಾಸ್ ಗುರು! ಒಂದೊಂದಕ್ಷರಾನೂ ಓದ್ಕೋತಿದೀನಿ."

ಆಮೇಲೆ ಇವರು ಲೋಕವನ್ನೇ ಕರೆಯುವರು. ದೂರದೂರಿನವರು ತಮ್ಮತಮ್ಮಲ್ಲಿ ಆಡಿಕೊಳ್ಳುವುದೆಲ್ಲ ಇವರ ಪರದೆಯ ಮೇಲೆ ಬೀಳುತ್ತಿತ್ತು. ಇವರ ಕರೆಗೆ ಮಾತ್ರ ಯಾರೂ ಓಗೊಡಲಿಲ್ಲ.

ತಪ್ಪು ಮೊದಲು ಕುಕ್ಕರಿನ ಮೇಲೆ ಬಂತು. ಕಾವಿಗೆ ಫ್ರೀಕ್ವೆನ್ಸಿ ಜಾರುತ್ತದಂತೆ, ಡಬ್ಬಕ್ಕೆ ನನ್ನ ಹಳೇ ಸೀರೆ ಸುತ್ತಿದರು. ಆಮೇಲೆ ತಾರಸಿಯ ತಂತಿಯ ಮೇಲೆ. ಕೊನೆಗೆ ಗ್ರೈಂಡರಿನ ಮೇಲೆ. "ಇದರ ಮೋಟಾರಿನ ಗಲಾಟೆ ರೇಡಿಯೋಗೂ ನುಗ್ಗುತ್ತೆ, ಅದ್ರಲ್ಲಿ ಯಾರಾದ್ರೂ ಸಣ್ಣಗೆ ಕರೆದಿದ್ದು ಗೊತ್ತಾಗದೆ ಹೋಯ್ತೋ ಏನೋ ಕಣೆ" ಎಂದರು. ಅಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು? ಹಿತ್ತಲಿನ ಒರಳುಕಲ್ಲು ತೊಳೆದೆ. ಎರಡು ವರ್ಷ ಭಾನುವಾರದ ಹಿಟ್ಟೆಲ್ಲ ಕೈಯಲ್ಲೇ. ಮಹಾ ಪತಿವ್ರತೆ ಎಂದುಕೊಳ್ಳಬೇಡಿ. ಬೈದುಕೊಳ್ಳುತ್ತಲೇ ರುಬ್ಬಿದೆ.

ಒಂದು ದಿನ ಡಬ್ಬ ಬಿಚ್ಚಿದರು. ತಂತಿ, ಕಾಯಿಲ್ ಎಲ್ಲವನ್ನೂ ಮಾರ್ಕೆಟ್ಟಿನ ಗುಜರಿಯವನಿಗೆ ಕೊಟ್ಟು ಬಂದು, "ನನ್ನ ಕೈಗುಣ ಅಷ್ಟೇ ಬಿಡು" ಎಂದರು. ಆಮೇಲೆ ಮನೆಯ ಫ್ಯೂಸ್ ಹೋದರೂ ಎಲೆಕ್ಟ್ರಿಷಿಯನ್ನೇ ಬರಬೇಕಾಯಿತು.

ವರ್ಷಗಳ ಮೇಲೆ, ಚಾಮರಾಜಪೇಟೆಯ ಛತ್ರವೊಂದರಲ್ಲಿ ಮದುವೆಯೂಟ. ಪಕ್ಕದ ಎಲೆ ಶ್ರೀಪತಿಯವರದು. ಹಳೇ ಕಥೆ ತೆಗೆದು ನಕ್ಕರು.

"ಅಯ್ಯೋ, ನಿಂದು ಉಲ್ಟಾ ಬರ್ತಿತ್ತಲ್ಲೋ ಮಾರಾಯ! ಹೌದು ಇರೋ ಕಡೆ ಇಲ್ಲ, ಇಲ್ಲ ಇರೋ ಕಡೆ ಹೌದು. ನಾನು ನನ್ ಕಡೆ ಸ್ವಿಚ್ ತಿರುಗಿಸ್ಕೊಂಡು ಓದ್ತಿದ್ದೆ."

"ಯಾವಾಗಿಂದ?" ಇವರು ಕೇಳಿದರು.

"ಮೊದಲ್ನೇ ದಿನದಿಂದ್ಲೇ!"

"ಹೇಳ್ಬಾರ್ದಿತ್ತೇನ್ರೀ?" ಎಂದೆ ನಾನು.

"ಅಷ್ಟು ಕಷ್ಟಪಟ್ಟು ಕಟ್ಟಿದಾನೆ, ಬೇಜಾರ್ ಮಾಡ್ಕೋತಾನೆ ಅಂತ ಸುಮ್ನಾದೆ ಕಣಮ್ಮಾ. ಎರಡು ವೈರ್ ಅದಲು ಬದಲು, ಅಷ್ಟೇ. ಏ, ಇಲ್ಲಿ ಇನ್ನೊಂದು ಹೋಳಿಗೆ ಹಾಕಪ್ಪಾ!"

ಯಾವುದೋ ದೇಶದ ಅಪರಿಚಿತರು ಸ್ವಿಚ್ ತಿರುಗಿಸಿ ನೋಡುವ ಶ್ರಮ ಯಾಕೆ ತೆಗೆದುಕೊಂಡಾರು? ಪರದೆಯ ಮೇಲೆ ಬಿದ್ದದ್ದನ್ನು ಕಸವೆಂದು ದಾಟಿಹೋಗಿದ್ದರು. ಇವರು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲಿಟ್ಟರು. ಜಗಳವಾಡಲಿ ಎಂದು ಕಾದೆ. ಆಡಲಿಲ್ಲ. ವಾಪಸು ಬರುವಾಗ ಆಟೋದಲ್ಲಿ, ಹೊರಗೆ ನೋಡುತ್ತ, "ಹಾಗಾದ್ರೆ ಹೋಗ್ತಿತ್ತು ಕಣೆ. ದೂರ ದೂರಕ್ಕೆ ಹೋಗ್ತಿತ್ತು" ಎಂದರು.

ರಿಪೇರಿಯಾದ ಗ್ರೈಂಡರನ್ನು ಮನೆಗೆ ತಂದು ಅಕ್ಕಿ ಹಾಕುವಾಗ ಫೋನ್ ರಿಂಗಾಯಿತು. ಶ್ರೀಪತಿ. "ಇದಾನೇನಮ್ಮಾ ನಮ್ಮ ಗುರು?"

ಆ ಮದುವೆಯೂಟದ ಮೇಲೆ ಅವರ ಫೋನು ಬಂದಾಗೆಲ್ಲ, ಇವರು ಸ್ನಾನಕ್ಕೆ ಹೋಗಿದ್ದಾರೆ ಎನ್ನುತ್ತಿದ್ದೆ, ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಇಂದು ಹಾಗನ್ನಲಿಲ್ಲ. "ಏನೋ ಹೇಳ್ತಿದೀರ, ಒಂದಕ್ಷರಾನೂ ತಿಳೀತಿಲ್ಲ" ಎಂದು ಗ್ರೈಂಡರ್ ಹಾಕಿದೆ. ಆ ಕಡೆ ಅವರು ಹಲೋ ಹಲೋ ಎಂದು ಕೂಗುತ್ತಲೇ ಇದ್ದರು. ಅಷ್ಟು ಸದ್ದಿನಲ್ಲೂ ಸ್ಪಷ್ಟವಾಗಿ ಕೇಳುತ್ತಿತ್ತು.